ಡೆನ್ವರ್‌ನ ಬೀದಿ, ಹಳಿ, ಬೆಳಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್‌ನಲ್ಲಿ ಮಕ್ಕಳ ಮನೆಗೆ ಬಂದಿರುವವರು, ಅಲ್ಲೇ ನೆಲೆಸಿರುವವರು ಕಳಿಸಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರ. 2010ರ ಜನಗಣತಿಯಲ್ಲಿ 6,00,158 ಜನರಿದ್ದ ಊರು 2020ರ ಹೊತ್ತಿಗೆ 7,15,522ಕ್ಕೆ ಬೆಳೆದಿತ್ತು. ಹೋದ ವರ್ಷ ಕಂಡ ಅಂಗಡಿ ಸಾಲು ಈ ವರ್ಷ ಇರುತ್ತದೆ ಎನ್ನುವ ಖಾತ್ರಿ ಇಲ್ಲದ ಊರು ಇದು.

ಪ್ರಶ್ನೆ: ಮೂರು ತಿಂಗಳು ಮಗಳ ಮನೆಯಲ್ಲಿ ಇರುತ್ತೇನೆ. ಕ್ಯಾಮೆರಾ ಜೊತೆ 18–55, 55–250 ಮಿಲಿಮೀಟರ್ ಲೆನ್ಸ್‌ಗಳಿವೆ. ಎಲ್ಲರೂ ಬೆಟ್ಟಕ್ಕೆ ಹೋಗಿ ಎನ್ನುತ್ತಾರೆ. ನನಗೆ ಊರು ಮತ್ತು ರೈಲು ಬೇಕು. ಎಲ್ಲಿಂದ ಶುರು ಮಾಡಲಿ?
— ಶಿವಮೊಗ್ಗದ ಓದುಗರು, ಸದ್ಯ ಅರೋರದಲ್ಲಿ

ಉತ್ತರ: ಯೂನಿಯನ್ ಸ್ಟೇಷನ್‌ನಿಂದ. ಇಲ್ಲಿ ಮೊದಲ ನಿಲ್ದಾಣ 1881ರಲ್ಲಿ ತೆರೆಯಿತು. 1894ರ ಬೆಂಕಿಯಲ್ಲಿ ಅದರ ನಡುಭಾಗ ಸುಟ್ಟಿತು. ಈಗ ಕಾಣುವ ದೊಡ್ಡ ಕಮಾನು ಕಿಟಕಿಗಳ ನಡುಕಟ್ಟಡ 1914ರದು. ದುರಸ್ತಿಯಾಗಿ 2014ರಲ್ಲಿ ಮತ್ತೆ ಬಾಗಿಲು ತೆರೆದ ಮೇಲೆ ಒಳಗೆ ಹೋಟೆಲು, ಪುಸ್ತಕದಂಗಡಿ, ಕಾಫಿ ಎಲ್ಲ ಬಂದಿವೆ. ಹಿಂಬದಿಯಲ್ಲಿ ಬಿಳಿ ಬಟ್ಟೆಯ ಚಾವಣಿಯ ಕೆಳಗೆ ರೈಲುಗಳು ನಿಲ್ಲುತ್ತವೆ.

ಹೋಗುವ ಮುಂಚೆ ದಿಕ್ಕು ತಿಳಿದುಕೊಳ್ಳಿ. ಡೆನ್ವರ್‌ನ ಹೆಚ್ಚಿನ ರಸ್ತೆಗಳು ನೇರ ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ ಹಾದಿಯಲ್ಲಿವೆ. ಹಳೆಯ ಪೇಟೆ ಮಾತ್ರ ನದಿಯ ಪಕ್ಕಕ್ಕೆ ಹೊಂದಿಕೊಂಡು 45 ಡಿಗ್ರಿ ತಿರುಗಿ ನಿಂತಿದೆ. ಹಾಗಾಗಿ ನಿಲ್ದಾಣದ ಮುಖ ಆಗ್ನೇಯಕ್ಕಿದೆ. ಎಳೆಬಿಸಿಲು ನೇರ ಗಡಿಯಾರದ ಮೇಲೆ ಬೀಳುತ್ತದೆ, ಮಧ್ಯಾಹ್ನ ಎರಡು–ಮೂರರ ಹೊತ್ತಿಗೆ ಮುಂಭಾಗ ನೆರಳಿಗೆ ಸರಿಯುತ್ತದೆ. ಊಟ ಮುಗಿಸಿ ಹೊರಟವರ ಚಿತ್ರಗಳು ಸಪ್ಪೆಯಾಗುವುದು ಇದೇ ಕಾರಣಕ್ಕೆ. ಕಟ್ಟಡ ಬೇಕಿದ್ದರೆ ಬೆಳಿಗ್ಗೆ ಹೋಗಿ, ನಿಯಾನ್ ಫಲಕ ಬೇಕಿದ್ದರೆ ಮುಸ್ಸಂಜೆಗೆ.

'ಟ್ರಾವೆಲ್ ಬೈ ಟ್ರೇನ್' ಎಂಬ ಆ ಕೆಂಪು ನಿಯಾನ್ ಅಕ್ಷರಗಳು ಚಿತ್ರದಲ್ಲಿ ಬಿಳಚಿಕೊಳ್ಳುತ್ತವೆ ಎಂಬ ದೂರು ಸಾಮಾನ್ಯ. ಆಕಾಶ ಪೂರ್ತಿ ಕಪ್ಪಾದಾಗ ಕ್ಯಾಮೆರಾ ಆ ಕಪ್ಪನ್ನು ಬೆಳಗಿಸಲು ಹೊರಡುತ್ತದೆ, ನಿಯಾನ್ ಸುಟ್ಟುಹೋಗುತ್ತದೆ. ಸೂರ್ಯ ಮುಳುಗಿ 15ರಿಂದ 25 ನಿಮಿಷದೊಳಗೆ ಆಕಾಶದ ನೀಲಿಯೂ ನಿಯಾನ್‌ನ ಕೆಂಪೂ ಹೆಚ್ಚುಕಡಿಮೆ ಒಂದೇ ತೂಕಕ್ಕೆ ಬರುತ್ತವೆ. ಐಎಸ್‌ಒ (ಬೆಳಕಿಗೆ ಸಂವೇದನೆ) 100, ಎಫ್ (ಲೆನ್ಸಿನ ತೆರವು) 8, ಮುಕ್ಕಾಲಿ ಮೇಲೆ ಅರ್ಧ ಸೆಕೆಂಡಿನಿಂದ ಆರಂಭಿಸಿ ಎರಡು ಸೆಕೆಂಡಿನವರೆಗೆ ಒಂದೊಂದು ತೆಗೆಯಿರಿ. ಕ್ಯಾಮೆರಾದ ಲೆಕ್ಕಕ್ಕಿಂತ ಒಂದು–ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಕಡಿಮೆ ಇಟ್ಟದ್ದೇ ಸಾಮಾನ್ಯವಾಗಿ ಸರಿ ಬರುತ್ತದೆ. ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ, ಡಿಸೆಂಬರ್‌ನಲ್ಲಿ ನಾಲ್ಕೂವರೆ ದಾಟಿದ ಕೂಡಲೇ.

ಇನ್ನೊಂದು ಮಾತು. ಬರೀ ಕಟ್ಟಡ ತೆಗೆದು ಬರಬೇಡಿ. ಸೂಟ್‌ಕೇಸ್ ಎಳೆಯುವವರು, ಬೇಸಿಗೆಯಲ್ಲಿ ಮುಂಬಯಲಿನ ಕಾರಂಜಿಯಲ್ಲಿ ಆಡುವ ಮಕ್ಕಳು, ಪಕ್ಕದ ಕಟ್ಟಡದ ಕ್ರೇನು ಇವೆಲ್ಲ ಚೌಕಟ್ಟಿನೊಳಗೆ ಬರಲಿ. ಇಪ್ಪತ್ತು ವರ್ಷದ ನಂತರ ಜನ ಹುಡುಕಿ ನೋಡುವುದು ಅವನ್ನೇ.

ಪ್ರಶ್ನೆ: ಕ್ಯಾಲಿಫೋರ್ನಿಯಾ ಝೆಫಿರ್ ಬೆಟ್ಟ ಹತ್ತುವುದನ್ನು ತೆಗೆಯಬೇಕು. ಎಲ್ಲಿ, ಯಾವಾಗ?
— ಧಾರವಾಡದ ಓದುಗರು

ಉತ್ತರ: ಇದು ಶಿಕಾಗೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಎಮರಿವಿಲ್ ನಡುವೆ ದಿನವೂ ಓಡುವ ಆಮ್ಟ್ರಾಕ್ (ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ) ಗಾಡಿ. ಪಶ್ಚಿಮಕ್ಕೆ ಹೋಗುವುದು 5ನೇ ಸಂಖ್ಯೆ, ಪೂರ್ವಕ್ಕೆ ಬರುವುದು 6. ಐದನೆಯದು ಡೆನ್ವರ್ ಬಿಡುವುದು ಬೆಳಿಗ್ಗೆ ಎಂಟರ ಆಸುಪಾಸು, ಆರನೆಯದು ಬರುವುದು ಸಂಜೆ ಆರೂವರೆ–ಏಳರ ಸುಮಾರಿಗೆ. ಸಾವಿರಾರು ಕಿಲೋಮೀಟರ್ ಓಡಿ ಬರುವ ಗಾಡಿಗಳಾದ್ದರಿಂದ ತಡವಾಗುವುದು ಸಾಮಾನ್ಯ. ಮನೆ ಬಿಡುವ ಮುನ್ನ ಆಮ್ಟ್ರಾಕ್‌ನ ಗಾಡಿ ಸ್ಥಿತಿ ನೋಡಿಕೊಳ್ಳಿ.

ಡೆನ್ವರ್‌ಗೆ ಬೆಟ್ಟಗಳಿರುವುದು ಪಶ್ಚಿಮಕ್ಕೆ. ಬೆಳಿಗ್ಗೆ ಬೆಟ್ಟದ ಮೇಲೂ ಗಾಡಿಯ ಮೇಲೂ ಬಿಸಿಲು ಬೀಳುತ್ತದೆ, ಸಂಜೆ ಎರಡೂ ನೆರಳಾಗುತ್ತವೆ. ಆದ್ದರಿಂದ ಐದನೇ ಗಾಡಿಯನ್ನೇ ಆರಿಸಿಕೊಳ್ಳಿ. ಆರನೆಯದು ಬೇಸಿಗೆಯಲ್ಲಿ ಮಾತ್ರ ಬೆಳಕಿರುವಾಗ ಬರುತ್ತದೆ, ಚಳಿಗಾಲದಲ್ಲಿ ಕತ್ತಲು.

ಜಾಗ 'ಬಿಗ್ ಟೆನ್' ತಿರುವು. ಆರ್ವಾಡಾದಿಂದ ಪಶ್ಚಿಮಕ್ಕೆ, ರಾಜ್ಯ ಹೆದ್ದಾರಿ 72 ಮತ್ತು 93 ಕೂಡುವ ಸುತ್ತಿನಿಂದ ಹಳಿ ಕುದುರೆ ಲಾಳದಂತೆ ಬಾಗುವುದು ಕಾಣುತ್ತದೆ. ಹೆಸರಿನ ಹತ್ತು ಎಂದರೆ ಹತ್ತು ಡಿಗ್ರಿ ತಿರುವು: ನೂರಡಿ ಉದ್ದದ ಜ್ಯಾಗೆ (ತಿರುವಿನ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆಗೆ) ಹತ್ತು ಡಿಗ್ರಿ ಹೊರಳುತ್ತದೆ. ಲೆಕ್ಕ ಹಾಕಿದರೆ ಅದರ ತ್ರಿಜ್ಯ ಸುಮಾರು 175 ಮೀಟರ್. ಶೇಕಡಾ ಎರಡರ ಏರಿನಲ್ಲಿ ಗಾಡಿ ನಿಧಾನವಾಗಿ ತಿರುಗುವುದರಿಂದ ಎಂಜಿನ್ ಒಂದು ಕಡೆಗೂ ಕೊನೆಯ ಬೋಗಿ ಇನ್ನೊಂದು ಕಡೆಗೂ ಮುಖ ಮಾಡಿರುವುದು ಒಂದೇ ಚಿತ್ರದಲ್ಲಿ ಸಿಗುತ್ತದೆ. ಒಳಗಡೆ ಒಂದು ಸಾಲು ಹಳೆಯ ಹಾಪರ್ (ಕಲ್ಲಿದ್ದಲು, ಜಲ್ಲಿ ಸಾಗಿಸುವ) ಬೋಗಿಗಳು ಅಲುಗದೆ ನಿಂತಿರುತ್ತವೆ. ಅವು ಯಾರೋ ಮರೆತು ಬಿಟ್ಟವಲ್ಲ. ಬೆಟ್ಟದಿಂದ ಇಳಿದು ಬರುವ ಗಾಳಿ ಗಾಡಿಯನ್ನೇ ಉರುಳಿಸುವಷ್ಟು ಜೋರು, ಅದಕ್ಕೆ ತಡೆಯಾಗಿ ಮರಳು ತುಂಬಿ ನಿಲ್ಲಿಸಿದ ಗೋಡೆ ಅದು. ಅವನ್ನು ಬಿಟ್ಟು ಚೌಕಟ್ಟು ಕಟ್ಟಬೇಡಿ, ಆ ಜಾಗದ ಕಥೆ ಹೇಳುವುದೇ ಆ ಬೋಗಿಗಳು.

ಅದೇ ಗಾಳಿ ನಿಮ್ಮ ಮುಕ್ಕಾಲಿಯನ್ನೂ ಬಿಡುವುದಿಲ್ಲ. ನಡುಕಂಬ ಎತ್ತದೆ ಕಾಲುಗಳನ್ನು ಅಗಲಿಸಿ, ಕೆಳಗೆ ಚೀಲ ತೂಗುಹಾಕಿ, ಚೀಲದ ತಳ ನೆಲಕ್ಕೆ ತಾಗಿರಲಿ. ತೂಗಾಡಿದರೆ ಅದೇ ನಡುಕ ತರುತ್ತದೆ. ಗಾಡಿ ಡೆನ್ವರ್ ಬಿಟ್ಟ ಅರ್ಧ–ಮುಕ್ಕಾಲು ಗಂಟೆಗೆ ಇಲ್ಲಿಗೆ ಬರುತ್ತದೆ. 55–250 ಲೆನ್ಸ್, ಷಟರ್ 1/500, ಎಫ್ 8 ಸಾಕು. ಸುತ್ತಲಿನ ಹುಲ್ಲುಗಾವಲು ಖಾಸಗಿಯದು, ಬೇಲಿ ದಾಟಬೇಡಿ. ವಾಹನ ಬಿಳಿ ಗೆರೆಯಿಂದ ಪೂರ್ತಿ ಆಚೆ ನಿಲ್ಲಿಸಲು ಜಾಗವಿದ್ದಲ್ಲಿ ಮಾತ್ರ ನಿಲ್ಲಿಸಿ.

ಇದೇ ಹಳಿ ಮುಂದೆ ಸುರಂಗಗಳ ಸಾಲು ದಾಟಿ ಮಾಫಟ್ ಸುರಂಗಕ್ಕೆ ಹೋಗುತ್ತದೆ. 1928ರಲ್ಲಿ ತೆರೆದ ಅದರ ಉದ್ದ 6.2 ಮೈಲಿ, ಅಂದರೆ ಹತ್ತು ಕಿಲೋಮೀಟರ್. ರೋಲಿನ್ಸ್‌ವಿಲ್ ಕಡೆಯಿಂದ ಮಣ್ಣು ರಸ್ತೆಯಲ್ಲಿ ಅದರ ಪೂರ್ವ ಬಾಯಿಯವರೆಗೂ ಹೋಗಬಹುದು, ಆದರೆ ಎತ್ತರ ಒಂಬತ್ತು ಸಾವಿರ ಅಡಿ ಮೀರಿದೆ. ಊರಿನಿಂದ ಬಂದ ಮೊದಲ ವಾರವೇ ಅಲ್ಲಿಗೆ ಹೊರಡಬೇಡಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಬರುವುದು ವಾಡಿಕೆ, ಸದ್ದು ಕೇಳಿಸಿದ ಕೂಡಲೇ ಮುಕ್ಕಾಲಿ ಮಡಚಿ ಕಾರಿನೊಳಗೆ ಸೇರಿ.

ಪ್ರಶ್ನೆ: ಲೈಟ್ ರೈಲಿನ (ಊರೊಳಗಿನ ಹಗುರ ವಿದ್ಯುತ್ ಗಾಡಿ) ಮುಂದಿನ ಎಲ್‌ಇಡಿ ಫಲಕದಲ್ಲಿ ಅರ್ಧ ಅಕ್ಷರ ಮಾತ್ರ ಬರುತ್ತದೆ. ನಿಲ್ದಾಣದೊಳಗಿನ ವಿಡಿಯೊದಲ್ಲಿ ಅಡ್ಡ ಪಟ್ಟೆಗಳು ಓಡುತ್ತವೆ. ಕ್ಯಾಮೆರಾ ಕೆಟ್ಟಿದೆಯೇ?
— ಲೋನ್ ಟ್ರೀಯಲ್ಲಿರುವ ಮೈಸೂರಿನ ಓದುಗರು

ಉತ್ತರ: ಕೆಟ್ಟಿಲ್ಲ. ಭಾರತದ ವಿದ್ಯುತ್ 50 ಹರ್ಟ್ಜ್, ಅಮೆರಿಕದ್ದು 60. ಅಲ್ಲಿನ ದೀಪಗಳು ಸೆಕೆಂಡಿಗೆ 120 ಸಲ ಮಿನುಗುತ್ತವೆ. ಊರಿನಲ್ಲಿ ಷಟರ್ 1/50, 1/100 ಇಟ್ಟು ಅಭ್ಯಾಸವಾದವರು ಇಲ್ಲಿ 1/60 ಅಥವಾ 1/125 ಇಡಬೇಕು. ಮೆನುವಿನಲ್ಲಿ ಮಿನುಗು ತಡೆ 50 ಹರ್ಟ್ಜ್‌ನಲ್ಲಿದ್ದರೆ 60ಕ್ಕೆ ಬದಲಿಸಿ, ವಿಡಿಯೊ 25ರ ಬದಲು 30 ಫ್ರೇಮಿಗೆ ಇಟ್ಟು ಷಟರ್ 1/60 ಮಾಡಿ. ಪಟ್ಟೆ ನಿಲ್ಲುತ್ತವೆ.

ರೈಲಿನ ಫಲಕದ ವಿಷಯ ಬೇರೆ. ಅದರ ದೀಪದ ಸಾಲುಗಳು ಒಂದಾದ ಮೇಲೊಂದು ಹೊತ್ತಿ ಆರುತ್ತವೆ, ವೇಗದ ಷಟರ್‌ಗೆ ಆ ಕ್ಷಣ ಹೊತ್ತಿದ್ದ ಸಾಲಷ್ಟೇ ಸಿಗುತ್ತದೆ. ಗಾಡಿ ನಿಂತಾಗ ಅಥವಾ ನಿಲ್ಲುವ ಹಂತದಲ್ಲಿ 1/100ಕ್ಕೆ ಇಳಿಸಿ ನಾಲ್ಕೈದು ಚಿತ್ರ ಒಟ್ಟಿಗೆ ತೆಗೆಯಿರಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಬೇಡ, ಮೆಕ್ಯಾನಿಕಲ್‌ಗೆ ಬದಲಿಸಿ.

ಪ್ರಶ್ನೆ: ವಿಮಾನ ನಿಲ್ದಾಣಕ್ಕೆ ಹೋಗುವ ಎ ಲೈನ್ ಗಾಡಿಯನ್ನು 1/500ರಲ್ಲಿ ಪಕ್ಕದಿಂದ ತೆಗೆದೆ, ಮಸುಕಾಗಿದೆ. ಎದುರಿನಿಂದ ತೆಗೆದದ್ದು ಚೆನ್ನಾಗಿದೆ. ಯಾಕೆ?
— ಬೆಂಗಳೂರಿನ ಓದುಗರು

ಉತ್ತರ: ಎ ಲೈನ್ ಲೈಟ್ ರೈಲಲ್ಲ. ಪೇಟೆಯ ಲೈಟ್ ರೈಲು 750 ವೋಲ್ಟ್ ಡಿಸಿಯಲ್ಲಿ ಓಡಿದರೆ, 2016ರ ಏಪ್ರಿಲ್ 22ರಂದು ಶುರುವಾದ ಇದು ನಮ್ಮ ಊರಿನ ವಿದ್ಯುತ್ ಗಾಡಿಗಳಂತೆ 25,000 ವೋಲ್ಟ್ ಎಸಿಯದು. ಗರಿಷ್ಠ ವೇಗ ಗಂಟೆಗೆ 79 ಮೈಲಿ, ಅಂದರೆ ಸೆಕೆಂಡಿಗೆ 35 ಮೀಟರ್. 1/500 ಸೆಕೆಂಡಿನಲ್ಲಿ ಅದು 7 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 26 ಮೀಟರ್ ಉದ್ದದ ಒಂದು ಬೋಗಿ 6000 ಪಿಕ್ಸೆಲ್ ಅಗಲದ ಚಿತ್ರ ತುಂಬಿದರೆ ಆ 7 ಸೆಂಟಿಮೀಟರ್ ಎಂದರೆ 16 ಪಿಕ್ಸೆಲ್ ಎಳೆತ. ಪಕ್ಕದಿಂದ ಬೇಕಾದರೆ 1/2000, ಆಗ ನಾಲ್ಕು ಪಿಕ್ಸೆಲ್‌ಗೆ ಇಳಿಯುತ್ತದೆ. ಎದುರಿನಿಂದ ಬರುವಾಗ ಗಾಡಿ ಚೌಕಟ್ಟಿನಲ್ಲಿ ಅಡ್ಡ ಸರಿಯುವುದು ಕಡಿಮೆ, ಆದ್ದರಿಂದ 1/500 ಸಾಕಾಯಿತು.

ಇಲ್ಲವೇ ಮಸುಕನ್ನೇ ಬಳಸಿಕೊಳ್ಳಿ. 1/40 ಇಟ್ಟು ಗಾಡಿಯ ಚಾಲಕನ ಕಿಟಕಿಯನ್ನು ಹಿಂಬಾಲಿಸುತ್ತ ಸೊಂಟದಿಂದ ತಿರುಗಿ. ಹತ್ತರಲ್ಲಿ ಒಂದು ಸರಿಬಂದರೆ ಒಳ್ಳೆಯ ದಿನ.

ಪ್ರಶ್ನೆ: ಗೂಡ್ಸ್ ಗಾಡಿಗಳಿಗೆ ವೇಳಾಪಟ್ಟಿಯೇ ಇಲ್ಲ. ಬರುವುದು ಹೇಗೆ ತಿಳಿಯುತ್ತದೆ?
— ಹುಬ್ಬಳ್ಳಿಯ ಓದುಗರು

ಉತ್ತರ: ಕಾಯಬೇಕು, ಆದರೆ ಕಾಯುವ ಜಾಗ ಸರಿಯಾಗಿರಬೇಕು. ಯೂನಿಯನ್ ಸ್ಟೇಷನ್‌ನ ಹಿಂದೆ 16ನೇ ಬೀದಿ ಮುಗಿಯುವಲ್ಲಿ ಮಿಲೆನಿಯಮ್ ಬ್ರಿಜ್ ಎಂಬ ಕಾಲ್ಸೇತುವೆಯಿದೆ, ಓರೆಯಾಗಿ ನಿಂತ ಬಿಳಿ ಕಂಬದಿಂದ ದೂರದಿಂದಲೇ ಗುರುತು ಸಿಗುತ್ತದೆ. ಕೆಳಗೆ ಬಿಎನ್‌ಎಸ್‌ಎಫ್ ರೈಲ್ವೆ ಕಂಪನಿಯ ಕಿತ್ತಳೆ ಎಂಜಿನ್‌ಗಳೂ ಯೂನಿಯನ್ ಪೆಸಿಫಿಕ್‌ನ ಹಳದಿ ಎಂಜಿನ್‌ಗಳೂ ಹಾದುಹೋಗುವ ಸರಕು ಹಳಿಗಳು. ಹಳಿ ನೈಋತ್ಯ–ಈಶಾನ್ಯ ದಿಕ್ಕಿಗಿದೆ. ಬೆಳಿಗ್ಗೆ ನೈಋತ್ಯಕ್ಕೆ ಮುಖ ಮಾಡಿ, ಇಳಿಹೊತ್ತಿನಲ್ಲಿ ಈಶಾನ್ಯಕ್ಕೆ. ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಯಾವುದೇ ಸೇತುವೆಯಲ್ಲಿ ಜಾಲರಿ ಅಡ್ಡ ಬಂದರೆ ಲೆನ್ಸನ್ನು ಅದಕ್ಕೆ ಹತ್ತಿರ ತಂದು ಎಫ್ 4 ಅಥವಾ 5.6ಕ್ಕೆ ತೆರೆಯಿರಿ, ತಂತಿ ಕರಗಿಹೋಗುತ್ತದೆ. ಎಫ್ 11ರಲ್ಲಿ ಅದು ಬೂದು ಗೆರೆಯಾಗಿ ಉಳಿಯುತ್ತದೆ.

ಕಿವಿಯೂ ಕೆಲಸಕ್ಕೆ ಬರುತ್ತದೆ. ಲೆವೆಲ್ ಕ್ರಾಸಿಂಗ್ ತಲುಪುವ 15–20 ಸೆಕೆಂಡ್ ಮುಂಚೆ ಎರಡು ದೀರ್ಘ, ಒಂದು ಹ್ರಸ್ವ, ಮತ್ತೊಂದು ದೀರ್ಘ ಕೂಗು ಹಾಕುವುದು ಅಮೆರಿಕದ ನಿಯಮ. ಊರೊಳಗೆ ಕೂಗು ನಿಷೇಧಿಸಿದ ಕ್ರಾಸಿಂಗ್‌ಗಳೂ ಇವೆ, ಆದ್ದರಿಂದ ಮೌನವೆಂದರೆ ಗಾಡಿ ಇಲ್ಲ ಎಂದಲ್ಲ. ಆಸಕ್ತರು 160–161 ಮೆಗಾಹರ್ಟ್ಜ್ ಹಿಡಿಯುವ ಸ್ಕ್ಯಾನರ್ ರೇಡಿಯೊ ಇಟ್ಟುಕೊಳ್ಳುತ್ತಾರೆ. ಹಳಿ ಪಕ್ಕದ ದೋಷ ಪತ್ತೆ ಯಂತ್ರ ಗಾಡಿ ದಾಟಿದಾಗ ತಾನೇ ಮಾತನಾಡಿ ಮೈಲಿಗಲ್ಲು, ಅಚ್ಚುಗಳ ಸಂಖ್ಯೆ ಹೇಳುತ್ತದೆ. ಆ ಮೈಲಿಗಲ್ಲು ನಿಮ್ಮ ಜಾಗದಿಂದ ಎಷ್ಟು ದೂರವೆಂದು ಮೊದಲೇ ಬರೆದಿಟ್ಟುಕೊಂಡರೆ ನಿಮಿಷದ ಲೆಕ್ಕ ಸಿಗುತ್ತದೆ.

ಎಂಜಿನ್ ದಾಟಿದ ತಕ್ಷಣ ಚೀಲ ಮುಚ್ಚಬೇಡಿ. ಉದ್ದದ ಕಲ್ಲಿದ್ದಲು ಗಾಡಿಗಳಿಗೆ ಹಿಂದೆಯೂ ಎಂಜಿನ್ ಇರುತ್ತದೆ, ಮುಂದಿನ ಚಾಲಕನೇ ಅದನ್ನು ರೇಡಿಯೊ ಮೂಲಕ ನಡೆಸುತ್ತಾನೆ. ನೂರು ದಾಟಿದ ಬೋಗಿಗಳು ಹೋಗುವಷ್ಟರಲ್ಲಿ ನೀವು ಸೇತುವೆಯ ಇನ್ನೊಂದು ಬದಿಗೆ ನಡೆದು ಎರಡನೇ ಚಿತ್ರಕ್ಕೆ ಸಿದ್ಧರಾಗಬಹುದು.

ಪ್ರಶ್ನೆ: ರೈಲಿನ ಚಿತ್ರ ತೆಗೆದರೆ ಪೊಲೀಸರು ಹಿಡಿಯುತ್ತಾರೆಯೇ?
— ದಾವಣಗೆರೆಯ ಓದುಗರು

ಉತ್ತರ: ಸಾರ್ವಜನಿಕ ರಸ್ತೆ, ಕಾಲುದಾರಿ, ಸೇತುವೆಯ ಮೇಲೆ ನಿಂತು ಕಾಣುವುದನ್ನು ತೆಗೆಯಲು ಅಡ್ಡಿಯಿಲ್ಲ. ಹಳಿ ಮತ್ತು ಅದರ ಪಕ್ಕದ ಜಲ್ಲಿ ಪಟ್ಟಿ ಮಾತ್ರ ರೈಲ್ವೆ ಕಂಪನಿಯ ಖಾಸಗಿ ಆಸ್ತಿ. ಅಲ್ಲಿ ಕಾಲಿಟ್ಟರೆ ಅದು ಅತಿಕ್ರಮಣ, ದಂಡ ಬೀಳುತ್ತದೆ. ನಮ್ಮೂರುಗಳಲ್ಲಿ ಹಳಿ ದಾಟುವುದು ಅಭ್ಯಾಸವಾದವರು ಇದನ್ನು ಮನಸ್ಸಿಗೆ ಬರೆದುಕೊಳ್ಳಬೇಕು. ಗಾಡಿಯ ಮೈ ಹಳಿಯಿಂದ ಕನಿಷ್ಠ ಮೂರು ಅಡಿ ಆಚೆ ಚಾಚಿರುತ್ತದೆ, ತುಂಬಿದ ಗೂಡ್ಸ್ ಗಾಡಿ ನಿಲ್ಲಲು ಒಂದು ಮೈಲಿಗೂ ಹೆಚ್ಚು ಬೇಕು. ಫೈಂಡರ್‌ನಲ್ಲಿ ಕಣ್ಣಿಟ್ಟಾಗ ಎರಡನೇ ಹಳಿಯ ಗಾಡಿ ಕಾಣುವುದಿಲ್ಲ. ಕ್ರಾಸಿಂಗ್‌ಗಳಲ್ಲಿ ನೀಲಿ ಫಲಕವೊಂದಿರುತ್ತದೆ, ಅದರಲ್ಲಿ ದೂರವಾಣಿ ಸಂಖ್ಯೆಯೂ ಕ್ರಾಸಿಂಗ್‌ನ ಗುರುತು ಸಂಖ್ಯೆಯೂ ಇರುತ್ತವೆ. ಹಳಿಯಲ್ಲಿ ಕಾರು ಸಿಕ್ಕಿಕೊಂಡದ್ದು ಕಂಡರೆ ಮೊದಲು ಆ ಸಂಖ್ಯೆಗೆ ಕರೆ ಮಾಡಿ.

ಪ್ರಶ್ನೆ: ಹಿಮದ ಚಿತ್ರಗಳೆಲ್ಲ ಬೂದಿ ಬಣ್ಣ. ಬ್ಯಾಟರಿಯೂ ಅರ್ಧ ಗಂಟೆಗೆ ಕೈಕೊಡುತ್ತದೆ.
— ಮಂಗಳೂರಿನ ಓದುಗರು

ಉತ್ತರ: ಕ್ಯಾಮೆರಾ ಕಂಡದ್ದನ್ನೆಲ್ಲ ನಡುಬೂದಿಗೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಹಿಮವಿದ್ದರೆ ಎಕ್ಸ್‌ಪೋಷರ್ ತಿದ್ದುಪಡಿಯನ್ನು (ಕ್ಯಾಮೆರಾದ +/− ಗುರುತು) +1ರಿಂದ +1.7 ಇಡಿ. ಫೋರ್ನಿ ಮ್ಯೂಸಿಯಂನಲ್ಲಿರುವ ಬಿಗ್ ಬಾಯ್ 4005ರಂಥ ಕಪ್ಪು ಉಗಿ ಎಂಜಿನ್‌ಗೆ ಇದರ ತದ್ವಿರುದ್ಧ, −0.7. ಬ್ಯಾಟರಿ ಸತ್ತಿಲ್ಲ, ಚಳಿಗೆ ಜಡವಾಗಿದೆ ಅಷ್ಟೆ. ಎರಡು ಇಟ್ಟುಕೊಂಡು ಒಂದನ್ನು ಒಳಜೇಬಿನಲ್ಲಿ ಮೈಬಿಸಿಗೆ ಇಡಿ, ಅದಲು ಬದಲು ಮಾಡಿ. ಮನೆಯೊಳಗೆ ಬರುವ ಮುಂಚೆ, ಹೊರಗೇ, ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ. ಒಂದೆರಡು ಗಂಟೆ ತೆರೆಯಬೇಡಿ. ಇಲ್ಲದಿದ್ದರೆ ಒಳಗಿನ ಬೆಚ್ಚನೆ ಗಾಳಿಯ ತೇವ ಲೆನ್ಸಿನ ಮೇಲೆ ಹನಿಗಟ್ಟುತ್ತದೆ. ಮೆಮೊರಿ ಕಾರ್ಡ್ ಬೇಕಿದ್ದರೆ ಹೊರಗಡೆಯೇ ತೆಗೆದುಕೊಳ್ಳಿ.

ಪ್ರಶ್ನೆ: ಹದಿನೈದು ವರ್ಷದಿಂದ ಇಲ್ಲೇ ಇದ್ದೇವೆ. ನಮ್ಮ ಸುತ್ತಿನ ಇಟ್ಟಿಗೆಯ ಸಣ್ಣ ಬಂಗಲೆಗಳು ಒಡೆದು ಅಪಾರ್ಟ್‌ಮೆಂಟ್ ಆಗುತ್ತಿವೆ. ಇದನ್ನು ದಾಖಲಿಸಲು ಸರಿಯಾದ ಕ್ರಮ ಯಾವುದು?
— ಡೆನ್ವರ್‌ನ ಕನ್ನಡದ ಓದುಗರು

ಉತ್ತರ: ಬಂದ ಪ್ರಶ್ನೆಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಇದು. ಡೆನ್ವರ್‌ಗೆ ಈ ಕೆಲಸದ ದೊಡ್ಡ ಪರಂಪರೆಯಿದೆ. ವಿಲಿಯಂ ಹೆನ್ರಿ ಜ್ಯಾಕ್ಸನ್ 1879ರಲ್ಲಿ ಇಲ್ಲಿ ಸ್ಟುಡಿಯೊ ತೆರೆದು ಬೆಟ್ಟದ ರೈಲು ಹಾದಿಗಳನ್ನು ಗಾಜಿನ ತಟ್ಟೆಗಳಲ್ಲಿ ಹಿಡಿದರು. ಒಂದು ಶತಮಾನ ಕಳೆದ ಮೇಲೆ ಜಾನ್ ಫೀಲ್ಡರ್ ಅವೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ತೆಗೆದರು. ಹೊಸ ಬಡಾವಣೆಗಳ ಒಂದೇ ಥರದ ಮನೆಗಳನ್ನು ರಾಬರ್ಟ್ ಆ್ಯಡಮ್ಸ್ ಗಂಭೀರವಾಗಿ ತೆಗೆದದ್ದು ಇದೇ ಬೆಟ್ಟದ ಬುಡದಲ್ಲಿ. ನಿಮಗೆ ಹೆಚ್ಚು ಹತ್ತಿರವಾಗಬೇಕಾದವರು ಆಟೊ ಪೆರಿ (1894–1970). ಡೆನ್ವರ್‌ನಲ್ಲಿ ಅಂಚೆ ಹಂಚುತ್ತಿದ್ದ ಅವರು ಸುಮಾರು 20,000 ರೈಲು ಚಿತ್ರಗಳನ್ನು ತೆಗೆದರು. ಅವು ಈಗ ಡೆನ್ವರ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ, ಅಂತರ್ಜಾಲದಲ್ಲೂ ನೋಡಬಹುದು. ಆ ಚಿತ್ರಗಳ ಬೆಲೆ ಹೆಚ್ಚಿಸಿದ್ದು ಜೊತೆಗಿರುವ ಟಿಪ್ಪಣಿ: ಯಾವ ರೈಲ್ವೆ, ಎಂಜಿನ್ ಸಂಖ್ಯೆ, ಜಾಗ, ದಿನಾಂಕ, ಹಲವು ಕಡೆ ಬೋಗಿಗಳ ಎಣಿಕೆ ಮತ್ತು ವೇಗ ಕೂಡ.

ಕ್ರಮ ಹೀಗಿರಲಿ. ಮನೆಯಿಂದ ನಡೆದು ಹೋಗಬಲ್ಲ ಹತ್ತು ಜಾಗ ಆರಿಸಿ. ಹೆಚ್ಚು ಬೇಡ, ಮೂವತ್ತಾದರೆ ಎರಡನೇ ವರ್ಷಕ್ಕೆ ಕೈಬಿಡುತ್ತೀರಿ. ಕೋಲ್‌ಫ್ಯಾಕ್ಸ್ ಅವೆನ್ಯೂ ಹತ್ತಿರವಿದ್ದರೆ ಅದರ ಎರಡು ಜಾಗ ಖಂಡಿತ ಸೇರಿಸಿ, ಅಲ್ಲಿ ಹಳೆಯ ಮೋಟೆಲ್‌ಗಳ ನಿಯಾನ್ ಫಲಕಗಳಿವೆ, 2024ರಲ್ಲಿ ವೇಗದ ಬಸ್ ಮಾರ್ಗದ ಕಾಮಗಾರಿಯೂ ಶುರುವಾಗಿದೆ. ಪ್ರತಿ ಜಾಗಕ್ಕೂ ವರ್ಷಕ್ಕೆರಡು ಸಲ, ಅದೇ ವಾರ, ಅದೇ ಹೊತ್ತು. ಎಲೆಯುದುರಿದ ಮಾರ್ಚ್ ತಿಂಗಳು ಕಟ್ಟಡಗಳಿಗೆ ಒಳ್ಳೆಯದು. ಜುಲೈನಲ್ಲಿ ಮರಗಳು ಅರ್ಧ ಬೀದಿಯನ್ನು ಮುಚ್ಚುತ್ತವೆ, ಆದರೆ ಜನ ಹೊರಗಿರುತ್ತಾರೆ.

ಮತ್ತೆ ಅದೇ ಜಾಗದಲ್ಲಿ ನಿಲ್ಲುವುದು ಅಂದಾಜಿನ ಕೆಲಸವಲ್ಲ. ಹಳೆಯ ಚಿತ್ರದಲ್ಲಿ ಹತ್ತಿರದ ಕಂಬದ ಅಂಚು ದೂರದ ಕಟ್ಟಡದ ಮೂಲೆಗೆ ತಾಗಿದಂತೆ ಕಾಣುವ ಒಂದು ಜೋಡಿ ಹುಡುಕಿ. ಆ ಅಂಚುಗಳು ಕೂಡುವವರೆಗೆ ಎಡಬಲ ಸರಿಯಿರಿ. ಹಿಂದೆ ಮುಂದೆ ಸರಿಯಲು ಅನುಪಾತ ನೋಡಿ. ಹಳೆಯ ಮುದ್ರಣದಲ್ಲಿ ಹತ್ತಿರದ ಎರಡು ಕಂಬಗಳ ಅಂತರ 60 ಮಿಲಿಮೀಟರ್, ದೂರದ ಕಟ್ಟಡದ ಅಗಲ 20 ಆಗಿದ್ದರೆ ಅನುಪಾತ 3. ಈಗ ಕ್ಯಾಮೆರಾ ಪರದೆಯಲ್ಲಿ 3.4 ಬಂದರೆ ನೀವು ಮುಂದೆ ಬಂದಿದ್ದೀರಿ, ಹಿಂದೆ ಸರಿಯಿರಿ. ಝೂಮ್ ತಿರುಗಿಸಿ ಇದನ್ನು ಸರಿಪಡಿಸಲು ಆಗುವುದಿಲ್ಲ. ಝೂಮ್ ಚೌಕಟ್ಟನ್ನಷ್ಟೇ ಕತ್ತರಿಸುತ್ತದೆ, ಅನುಪಾತವನ್ನು ನಿರ್ಧರಿಸುವುದು ನಿಮ್ಮ ಪಾದ. ಎಲ್ಲರೂ ಎಡವುವುದು ಇಲ್ಲೇ. ಚೌಕಟ್ಟನ್ನು ಸ್ವಲ್ಪ ಸಡಿಲವಾಗಿಯೇ ತೆಗೆದು ಆಮೇಲೆ ಹಳೆಯದಕ್ಕೆ ಹೊಂದಿಸಿ ಕತ್ತರಿಸಿ. ಮೊದಲ ಸಲ ತೆಗೆಯುವಾಗಲೇ ನಿಮ್ಮ ಪಾದದ ಜಾಗವನ್ನೂ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ: ಕಾಲುದಾರಿಯ ಬಿರುಕು, ಮ್ಯಾನ್‌ಹೋಲ್ ಮುಚ್ಚಳ, ಮುಕ್ಕಾಲಿಯ ಎತ್ತರ.

ಕಡತಕ್ಕೆ ವರ್ಷ–ತಿಂಗಳು–ದಿನ, ಜಾಗ, ನೋಡುತ್ತಿರುವ ದಿಕ್ಕು ಎಂದು ಹೆಸರಿಡಿ. ಉದಾಹರಣೆಗೆ '2025-03-14 ಕೋಲ್‌ಫ್ಯಾಕ್ಸ್ ಪಶ್ಚಿಮಕ್ಕೆ'. ಕ್ಯಾಮೆರಾದ ಗಡಿಯಾರ ಒಮ್ಮೆ ನೋಡಿ. ಊರಿನಿಂದ ತಂದ ಕ್ಯಾಮೆರಾ ಭಾರತದ ಸಮಯದಲ್ಲೇ ಉಳಿದಿದ್ದರೆ ಬೇಸಿಗೆಯಲ್ಲಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಡೆನ್ವರ್‌ನಲ್ಲಿ ಸಂಜೆ ಏಳಕ್ಕೆ ತೆಗೆದದ್ದು ಮರುದಿನದ ತಾರೀಖಿನಲ್ಲಿ ಕೂರುತ್ತದೆ. ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಸರಿಯುತ್ತದೆ, ಆ ದಿನ ಕ್ಯಾಮೆರಾವನ್ನೂ ಸರಿಪಡಿಸಿ.

ಪ್ರಶ್ನೆ: ಫೋನ್ ಮಾತ್ರ ಇದೆ. ರೈಲಿನ ಕಿಟಕಿಯಿಂದ ತೆಗೆದರೆ ನನ್ನದೇ ಮುಖ ಬರುತ್ತದೆ.
— ತುಮಕೂರಿನ ಓದುಗರು

ಉತ್ತರ: ಫೋನನ್ನು ಗಾಜಿಗೆ ಒತ್ತಿ ಹಿಡಿದು ಸುತ್ತ ಕಪ್ಪು ಶಾಲು ಇಲ್ಲವೇ ಅಂಗೈ ಮರೆ ಮಾಡಿ. ಫ್ಲಾಷ್ ಆರಿಸಿ. ಬಿಸಿಲಿಗೆ ಎದುರಿನ ಬದಿ ಬಿಟ್ಟು ನೆರಳಿನ ಬದಿಯಲ್ಲಿ ಕೂತರೆ ಗಾಜಿನ ಕೊಳೆ ಕಾಣಿಸುವುದು ಕಡಿಮೆ. ಎ ಲೈನ್‌ನಲ್ಲಿ ಮಧ್ಯಾಹ್ನ ವಿಮಾನ ನಿಲ್ದಾಣದಿಂದ ಪೇಟೆಗೆ ಬರುವಾಗ ಬಲಗಡೆ, ಅಂದರೆ ಉತ್ತರದ ಕಿಟಕಿ ಹಿಡಿಯಿರಿ.